ಲೆನ್ಸ್ ಕೆಟ್ಟಿರಲಿಲ್ಲ

"ಸಾರ್, ಲೆನ್ಸ್ ಕೆಟ್ಟಿದೆ ಅನ್ಸುತ್ತೆ. ಬಟನ್ ಅರ್ಧ ಒತ್ತಿದ್ರೆ ಫೋಕಸ್ಸೇ ಆಗ್ತಿಲ್ಲ."

"ನಿನ್ನೆ ಮನೇಲಿ ಎಷ್ಟು ಫೋಟೋ ತೆಗೆದು ನೋಡ್ದೆ?"

"ತೆಗೀಲಿಲ್ಲ ಸಾರ್. ಇವತ್ತಿಗೆ ಅಂತ ತಾನೇ ಬಾಡಿಗೆಗೆ ತಂದಿದ್ದು."

ಈ ವಾರ ಒಂದು ಮದುವೆಯಲ್ಲಿ ಮದುಮಗಳ ತಮ್ಮನಿಗೂ ಮುಖ್ಯ ಫೋಟೋಗ್ರಾಫರಿಗೂ ನಡೆದ ಮಾತು ಇದು. ಮೂರೇ ಸಾಲು, ಇನ್ನೂ ಕಿವಿಯಲ್ಲೇ ಇದೆ. ಲೆನ್ಸ್ ಕೆಟ್ಟಿರಲಿಲ್ಲ. ಹಿಂದೆ ಅದೇ ಕ್ಯಾಮೆರಾ ಒಯ್ದಿದ್ದ ಯಾರೋ ಫೋಕಸ್ ಮಾಡುವ ಕೆಲಸವನ್ನು ಶಟರ್ ಬಟನ್ನಿನಿಂದ ಬಿಡಿಸಿ, ಬೆನ್ನಿನ ಮೇಲಿರುವ ಎಎಫ್-ಆನ್ ಬಟನ್ನಿಗೆ ಮಾತ್ರ ಕೊಟ್ಟಿದ್ದರು. ಹೆಬ್ಬೆರಳಲ್ಲಿ ಫೋಕಸ್, ತೋರುಬೆರಳಲ್ಲಿ ಕ್ಲಿಕ್. ಅಭ್ಯಾಸ ಇದ್ದವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಗೊತ್ತಿಲ್ಲದವರ ಕೈಗೆ ಬಂದರೆ ಕ್ಯಾಮೆರಾ ಹಾಳಾಗಿದೆ ಅಂತಲೇ ಅನಿಸುತ್ತದೆ. ಫೋಟೋಗ್ರಾಫರ್ ಮೆನುವಿಗೆ ಹೋಗಿ ಅರ್ಧ ನಿಮಿಷದಲ್ಲಿ ಸರಿಮಾಡಿ ಕೊಟ್ಟರು. ಬೈಯಲಿಲ್ಲ, ನಗಲೂ ಇಲ್ಲ. ತನ್ನ ಕೆಲಸದ ನಡುವೆ ಹೀಗೆ ನಿಂತು ಹೇಳಿಕೊಡುವವರು ಕಡಿಮೆ. ಅವರು ದೊಡ್ಡ ಮನಸ್ಸಿನವರು.

ಹುಡುಗನದ್ದೂ ತಪ್ಪು ಅಂತ ನನಗೆ ಅನಿಸುವುದಿಲ್ಲ. ಬಾಡಿಗೆ ಕೊಟ್ಟವರು "ರೀಸೆಟ್ ಮಾಡೇ ಕೊಡ್ತೀವಿ" ಅಂದಿದ್ದರಂತೆ. ಮಾಡಿರಲೂಬಹುದು. ಆದರೆ ಬಹಳ ಕ್ಯಾಮೆರಾಗಳಲ್ಲಿ ರೀಸೆಟ್ ಅನ್ನುವುದು ಒಂದಲ್ಲ. ಶೂಟಿಂಗ್ ಮೆನುವಿಗೆ ಒಂದು, ಕಸ್ಟಮ್ ಸೆಟ್ಟಿಂಗಿಗೆ ಬೇರೆಯೇ ಒಂದು. ಒಳಗೆ ಕನ್ನಡಿಯಿರುವ ಕೆಲವು ಡಿಎಸ್‌ಎಲ್‌ಆರ್‌ಗಳಲ್ಲಿ ಈ ಎರಡನ್ನೂ ಮಾಡಿದ ಮೇಲೂ ಬಟನ್ನುಗಳಿಗೆ ಹಂಚಿಟ್ಟ ಕೆಲಸ ಹಾಗೇ ಉಳಿಯುತ್ತದೆ. ಅದನ್ನು ಆ ಪುಟಕ್ಕೇ ಹೋಗಿ ಅಳಿಸಬೇಕು. ಡಯಲ್ ಮೇಲಿನ ಸಿ1, ಸಿ2 ಗುರುತುಗಳ ಹಿಂದೆ ಹಿಂದಿನವರು ತುಂಬಿಟ್ಟ ಸೆಟ್ಟಿಂಗ್ ಬೇರೆ ಕೂತಿರುತ್ತದೆ.

ಹಾಗಾಗಿ ಕ್ಯಾಮೆರಾ ಒಂದು ದಿನ ಮೊದಲೇ ಮನೆಗೆ ಬರಬೇಕು. ಒಂದು ದಿನದ ಬಾಡಿಗೆ ಹೆಚ್ಚಾಗುತ್ತದೆ, ಆಗಲಿ. ಲೆನ್ಸ್ ಒಂದು ಕಡಿಮೆ ಮಾಡಿದರೂ ಸರಿ, ಆ ಸಂಜೆಯನ್ನು ಬಿಡಬಾರದು. ಎಲ್ಲ ರೀಸೆಟ್ ಮಾಡಿ, ಆಮೇಲೂ ಕಣ್ಣಾರೆ ನೋಡಬೇಕಾದ್ದು ಕೆಲವಿವೆ: ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಬೇಕೆಂದೇ ಬೆಳಗಿಸುವ ಇಲ್ಲವೇ ಕಪ್ಪಾಗಿಸುವ ಸೆಟ್ಟಿಂಗ್) ಸೊನ್ನೆಯಲ್ಲಿದೆಯೇ, ಬ್ರಾಕೆಟಿಂಗ್ (ಒಂದೊಂದು ಚಿತ್ರಕ್ಕೂ ಬೆಳಕು ಬದಲಿಸಿ ತೆಗೆಯುವುದು) ಆಫ್ ಆಗಿದೆಯೇ, ಫೈಲ್ ಸೆನ್ಸರ್ ಕೊಟ್ಟ ಪೂರ್ತಿ ಮಾಹಿತಿಯಿರುವ ರಾ ಆಗಿ ಉಳಿಯುತ್ತಿದೆಯೇ ಅಥವಾ ಸಣ್ಣ ಜೆಪೆಗ್ ಆಗಿಯೇ. ಸೈಲೆಂಟ್ ಶಟರನ್ನು, ಅಂದರೆ ಸದ್ದಿಲ್ಲದೆ ತೆಗೆಯುವ ಎಲೆಕ್ಟ್ರಾನಿಕ್ ಶಟರನ್ನು, ಮರೆಯಲೇಬಾರದು. ಅದು ಆನ್ ಇದ್ದರೆ ಒಳಗೆ ಕನ್ನಡಿಯಿಲ್ಲದ ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಬೆಳಗುವುದೇ ಇಲ್ಲ; ಎಲ್ಇಡಿ ದೀಪಗಳ ಕೆಳಗೆ ಮುಖಗಳ ಮೇಲೆ ಅಡ್ಡ ಪಟ್ಟಿಗಳೂ ಬೀಳಬಹುದು, ಏಕೆಂದರೆ ದೀಪ ಮಿನುಗುತ್ತಿರುವಾಗಲೇ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತಿರುತ್ತದೆ. ಮೆಕ್ಯಾನಿಕಲ್ ಶಟರಿಗೆ ಹಾಕಿ, ದೀಪದ ಮಿನುಗನ್ನು ತಪ್ಪಿಸುವ ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ.

ಲೆನ್ಸಿನ ಮೈಮೇಲಿನ ಸ್ವಿಚ್ಚುಗಳೂ ಹಾಗೇ. ಎಎಫ್ ಬದಲು ಎಂಎಫ್‌ನಲ್ಲಿ, ಅಂದರೆ ಕೈಯಿಂದಲೇ ಫೋಕಸ್ ಮಾಡಬೇಕಾದ ಕಡೆ, ನಿಂತಿರಬಹುದು. 70-200 ಮಿಮೀ ಜೂಮಿನಂಥ ಲೆನ್ಸುಗಳಲ್ಲಿ ಫೋಕಸ್ ಲಿಮಿಟರ್ ಇರುತ್ತದೆ, ಅದು 2.5 ಮೀಟರಿಗೆ ಹಾಕಿದ್ದರೆ ಅದಕ್ಕಿಂತ ಹತ್ತಿರದ ಮುಖ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಆಗಲೂ ಬಾಯಿಗೆ ಬರುವ ಮಾತು ಅದೇ, ಲೆನ್ಸ್ ಕೆಟ್ಟಿದೆ.

ಇನ್ನು ಕೌಂಟರಿನಲ್ಲೇ ಮಾಡಬೇಕಾದ ಕೆಲಸ, ಹದಿನೈದು ನಿಮಿಷ ಸಾಕು. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ; ಫಂಗಸ್ ಇದ್ದರೆ ಜೇಡರ ಬಲೆಯ ಎಳೆಗಳಂತೆ ಕಾಣುತ್ತದೆ. ಬಿಳಿ ಗೋಡೆಯೊಂದನ್ನು ಎಫ್ 16ರಲ್ಲಿ (ಲೆನ್ಸಿನೊಳಗಿನ ಕಿಂಡಿ ಕಿರಿದಾಗಿಸಿ), ಫೋಕಸ್ ತಪ್ಪಿಸಿ ತೆಗೆಯಿರಿ. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಬರುತ್ತದೆ. ಕಿಂಡಿ ಅಗಲವಾಗುವ ಎಫ್ 2.8ರಲ್ಲಿ ಇದೇ ಚುಕ್ಕಿ ಕಾಣದಷ್ಟು ಮಸುಕಾಗುವುದರಿಂದ ಅಲ್ಲಿ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಗೀರು, ತಗ್ಗು, ಸೀರಿಯಲ್ ನಂಬರುಗಳನ್ನು ಅಲ್ಲೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಹಿಂತಿರುಗಿಸುವಾಗ ಠೇವಣಿಯ ಮಾತಿಗೆ ಅದೇ ಆಧಾರ. ಕಾರ್ಡ್ ಸ್ಲಾಟ್ ತೆರೆದು ನೋಡಿ. ಒಳಗೆ ಬೇರೆ ಬಗೆಯ ಕಾರ್ಡಾದ ಸಿಎಫ್ ಎಕ್ಸ್‌ಪ್ರೆಸ್ ಮಾತ್ರ ಹಿಡಿಸುವ ಜಾಗವಿದ್ದರೆ ನಿಮ್ಮ ಎಸ್‌ಡಿ ಕಾರ್ಡಿಗೆ ಅಲ್ಲಿ ಕೆಲಸವಿಲ್ಲ, ಅಂಗಡಿ ಮುಚ್ಚಿದ ಮೇಲೆ ಗೊತ್ತಾದರೆ ಏನೂ ಮಾಡಲಾಗದು. ಟ್ರೈಪಾಡ್ ತರುವವರು ಅದರ ಪ್ಲೇಟ್ ಬಂದಿದೆಯೇ ನೋಡಬೇಕು. ಪ್ಲೇಟ್ ಹಿಂದಿನವರ ಕ್ಯಾಮೆರಾ ತಳದಲ್ಲೇ ಉಳಿದಿರುತ್ತದೆ.

ಫ್ಲ್ಯಾಶ್ ಕ್ಯಾಮೆರಾದ ಬ್ರ್ಯಾಂಡಿಗೆ ಹೊಂದುವಂಥದ್ದೇ ಆಗಬೇಕು, ಇಲ್ಲದಿದ್ದರೆ ಟಿಟಿಎಲ್, ಅಂದರೆ ಫ್ಲ್ಯಾಶಿನ ಬೆಳಕನ್ನು ಕ್ಯಾಮೆರಾ ತಾನೇ ಅಳೆದು ಹೊಂದಿಸುವುದು, ನಡೆಯದು. ಅದಕ್ಕೆ ನಾಲ್ಕು ಎಎ ಸೆಲ್ ಬೇಕಿದ್ದರೆ ರೀಚಾರ್ಜ್ ಆಗುವ ನಿಕಲ್ ಸೆಲ್ಲುಗಳ ಎರಡು ಸೆಟ್, ಅಂದರೆ ಎಂಟು ಇರಲಿ. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟ್ ಇದ್ದರೂ ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರದು. ಸ್ವಲ್ಪ ಹೊತ್ತಿನಲ್ಲೇ ಒಂದು ಫ್ಲ್ಯಾಶಿಗೂ ಇನ್ನೊಂದಕ್ಕೂ ನಡುವೆ ಕಾಯುವುದೇ ಕೆಲಸವಾಗುತ್ತದೆ. ಮಿರರ್‌ಲೆಸ್ ಕ್ಯಾಮೆರಾಕ್ಕೆ ಕನಿಷ್ಠ ಮೂರು ಬ್ಯಾಟರಿ, ಚಾರ್ಜರ್ ಜೊತೆಗೆ.

ಆ ಹುಡುಗ ತಂದಿದ್ದು 70-200. ದುಬಾರಿ, ಒಂದೂವರೆ ಕಿಲೋ ತೂಕ. ನನಗೆ ಬೇಸರವಾದದ್ದು ಇಲ್ಲಿ. ವೇದಿಕೆಯ ಮೇಲಿನದನ್ನು ತೆಗೆಯಲು ಮುಖ್ಯ ಫೋಟೋಗ್ರಾಫರ್ ಇದ್ದಾರೆ, ಅವರ ಬಳಿ ಅದೇ ಲೆನ್ಸ್ ಇದೆ. ಅವರ ಬೆನ್ನ ಹಿಂದೆ ನಿಂತು ಅದೇ ಚಿತ್ರವನ್ನು ಇನ್ನೊಮ್ಮೆ ತೆಗೆದರೆ ಮನೆಯವರಿಗೆ ಏನು ಸಿಕ್ಕಿತು? ತಮ್ಮನಿಗೆ ಮಾತ್ರ ಬಾಗಿಲು ತೆರೆಯುವ ಕೋಣೆಗಳಿವೆ. ಅಜ್ಜಿ ಯಾರ ಮುಂದೆ ಕಣ್ಣೊರೆಸಿಕೊಳ್ಳುತ್ತಾರೆ, ಅಪ್ಪ ಯಾವ ಮೂಲೆಯಲ್ಲಿ ಒಂದು ನಿಮಿಷ ಒಬ್ಬರೇ ನಿಲ್ಲುತ್ತಾರೆ, ಇದು ಹೊರಗಿನವರಿಗೆ ತಿಳಿಯದು. ಅಂಥ ಕಡೆಗೆ ಬೇಕಾದ್ದು ಎಫ್ 1.8ರ ಒಂದು 35 ಮಿಮೀ ಲೆನ್ಸ್, ಹೆಚ್ಚೆಂದರೆ ಜೊತೆಗೊಂದು 85 ಮಿಮೀ. ಎರಡೂ ಹಗುರ, ಬಾಡಿಗೆಯೂ ಕಡಿಮೆ, ಕಡಿಮೆ ಬೆಳಕಿನಲ್ಲಿ ಎಫ್ 2.8ಕ್ಕಿಂತ ಒಂದು ಸ್ಟಾಪಿಗೂ ಹೆಚ್ಚು, ಅಂದರೆ ಎರಡು ಪಟ್ಟಿಗೂ ಮೀರಿ ಬೆಳಕಿನ ಲಾಭ. ಶಟರ್ 1/160 ಸೆಕೆಂಡಿಗಿಂತ ನಿಧಾನವಾಗದಿರಲಿ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಅಂದರೆ ಐಎಸ್ಒ, 3200 ಆದರೂ ಹೆದರಬೇಡಿ: ಕಾಳು ಕಾಳಾದ ಚಿತ್ರವನ್ನು ಮನೆಯವರು ಇಟ್ಟುಕೊಳ್ಳುತ್ತಾರೆ, ಅಲುಗಿದ್ದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಮೂರು ಸಾಲಿನ ಗುಂಪು ಬಂದಾಗ ಮಾತ್ರ ಎಫ್ 5.6ಕ್ಕೆ ಹೋಗಬೇಕು, ಇಲ್ಲದಿದ್ದರೆ ಹಿಂದಿನ ಸಾಲು ಮಸುಕು.

ಕೊನೆಗೆ ಗಡಿಯಾರ. ಬಾಡಿಗೆ ಕ್ಯಾಮೆರಾದ ಸಮಯವನ್ನು ಯಾರೂ ನೋಡುವುದಿಲ್ಲ. ಎರಡು ಕ್ಯಾಮೆರಾಗಳ ಫೋಟೋ ಸೇರಿಸಿ ಜೋಡಿಸಿದಾಗ ಸಂಜೆಯದ್ದು ಬೆಳಿಗ್ಗೆಗೆ ಬಂದು ಕೂರುತ್ತದೆ. ಎರಡೂ ಕ್ಯಾಮೆರಾಗಳನ್ನು ಒಂದೇ ಫೋನಿನ ಗಡಿಯಾರಕ್ಕೆ, ಸೆಕೆಂಡಿನವರೆಗೆ ಹೊಂದಿಸಬೇಕು. ಮರೆತಿದ್ದರೆ, ಇಬ್ಬರೂ ಒಂದೇ ಕ್ಷಣ ತೆಗೆದ ಒಂದು ಚಿತ್ರ ಹುಡುಕಿ, ವ್ಯತ್ಯಾಸ ಲೆಕ್ಕ ಹಾಕಿ, ಸಾಫ್ಟ್‌ವೇರಿನಲ್ಲಿ ಒಂದು ಕ್ಯಾಮೆರಾದ್ದನ್ನೆಲ್ಲ ಒಟ್ಟಿಗೆ ಸರಿಸಬಹುದು.

ಆ ಹುಡುಗನ ಕ್ಯಾಮೆರಾ 2 ಗಂಟೆ 40 ನಿಮಿಷ ಹಿಂದಿತ್ತು. ಸರಿಸಿ ನೋಡಿದಾಗ ಎಲ್ಲ ಸಾಲಾಗಿ ಬಂದವು. 10:42ರ ನಂತರದ ಫೋಟೋ 11:05ರದ್ದು. ಅವನ ಅಕ್ಕ ಒಳಗೆ ಬಂದದ್ದು ಆ ನಡುವೆ.