ನಯಾಗರ ಚೆಂದವೋ, ಗಗನಚುಕ್ಕಿ ಚೆಂದವೋ?

ಕೆನಡಾದಲ್ಲಿರುವ ತಂಗಿ ಮನೆಗೆ ಹೋಗಿ ಬಂದಾಗಿನಿಂದ ನೆಂಟರು, ಆಫೀಸಿನವರು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್‌ಗೆ ಸಿಗುವವರು, ಎಲ್ಲರೂ ಕೇಳುವುದು ಒಂದೇ. 'ನಯಾಗರ ನೋಡಿದ ಮೇಲೆ ನಮ್ಮ ಗಗನಚುಕ್ಕಿ ಸಪ್ಪೆ ಅನ್ನಿಸಲ್ವಾ?'

ಇಲ್ಲ. ಆಗಸ್ಟ್ ತಿಂಗಳ ಗಗನಚುಕ್ಕಿಯನ್ನು ನಾನು ಯಾವ ಜಲಪಾತಕ್ಕೂ ಬಿಟ್ಟುಕೊಡುವುದಿಲ್ಲ. ಏಪ್ರಿಲ್ ತಿಂಗಳದ್ದಾದರೆ ಬೇರೆ ಮಾತು. ಆಗ ಅಲ್ಲಿ ಕಾಣುವುದು ಬಹುಪಾಲು ಬಂಡೆ. ಹೋಲಿಸುವವರು ಯಾವ ತಿಂಗಳು ಅಂತ ಹೇಳಿ ಹೋಲಿಸಬೇಕು.

ನಯಾಗರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಎತ್ತರ ಅಂಥದ್ದೇನಲ್ಲ. ಕುದುರೆ ಲಾಳದ ಆಕಾರದ ಮುಖ್ಯ ಜಲಪಾತ ಸುಮಾರು 57 ಮೀಟರ್. ಗಗನಚುಕ್ಕಿ ಅದಕ್ಕಿಂತ ಎತ್ತರದಿಂದ ಇಳಿಯುತ್ತದೆ. ನಯಾಗರದಲ್ಲಿ ಬಾಯಿ ಕಟ್ಟಿಸುವುದು ಅದರ ಅಗಲ ಮತ್ತು ನೀರಿನ ಬಣ್ಣ. ಕೆನಡಾ ಕಡೆಯ ದಡದಲ್ಲಿ ಕಂಬಿ ಹಿಡಿದು ನಿಂತರೆ ನೀರು ಅಂಚು ದಾಟುವ ಜಾಗ ತೀರಾ ಹತ್ತಿರ. ಅಲ್ಲಿ ಅದು ದಪ್ಪ ಹಸಿರು ಗಾಜಿನ ಹಾಗೆ ಬಾಗುತ್ತದೆ, ಆಮೇಲೆ ಒಡೆದು ಬೆಳ್ಳಗಾಗುತ್ತದೆ. ಸಮುದ್ರದಂಥ ಸರೋವರಗಳಲ್ಲಿ ನಿಂತು, ಮಣ್ಣೆಲ್ಲ ತಳ ಸೇರಿದ ಮೇಲೆ ಬರುವ ನೀರು ಅದು. ಸರೋವರಗಳು ಅಷ್ಟು ದೊಡ್ಡವಾದ್ದರಿಂದಲೇ ನದಿಯ ಹರಿವೂ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ.

ಮಳವಳ್ಳಿ ಕಡೆ ನಮ್ಮ ದೊಡ್ಡಪ್ಪ ಇದ್ದಾರೆ. ಕೆಆರ್‌ಎಸ್ ಅಣೆಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿ ಗದ್ದೆ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ಫೋಟೊ ತೋರಿಸಿದರೆ ಅವರು ಚೆಂದದ ಮಾತೇ ಎತ್ತಲಿಲ್ಲ. 'ಎಷ್ಟು ಕ್ಯೂಸೆಕ್ ಬತ್ತದೆ ಮಗ? ಗೇಟು ಯಾರ ಕೈಲದೆ?' ಅಂದರು. ನನ್ನನ್ನು ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಗೇಟು ಇದೆ. ಜಲಪಾತದ ಮೇಲ್ಗಡೆ ನದಿಯೊಳಕ್ಕೆ ಚಾಚಿದ ಕಟ್ಟೆಗೆ ಸಾಲಾಗಿ 18 ಗೇಟುಗಳಿವೆ. ಅಮೆರಿಕ ಮತ್ತು ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಜಲಪಾತದ ಮೇಲೆ ಹರಿಯಲೇಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಸಾಕು. ಉಳಿದದ್ದು ಸುರಂಗ ಹಿಡಿದು ಎರಡೂ ದಡದ ವಿದ್ಯುತ್ ಕೇಂದ್ರಗಳಿಗೆ ಹೋಗುತ್ತದೆ. 'ಹಂಗಾರೆ ನೋಡೋರಿಗೆ ಅಂತಲೇ ಇಷ್ಟು ಅಂತ ಬರೆದಿಟ್ಟವ್ರೆ' ಅಂದರು ದೊಡ್ಡಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ನಮ್ಮ ಜಲಪಾತವೂ ಕರೆಂಟಿಗೆ ದುಡಿದದ್ದೇ. ನಯಾಗರದ ವಿದ್ಯುತ್ ಬಫಲೋ ಊರಿಗೆ ಹೋದದ್ದು 1896ರಲ್ಲಿ. ಆರೇ ವರ್ಷಕ್ಕೆ, 1902ರಲ್ಲಿ, ಗಗನಚುಕ್ಕಿ ಇರುವ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಅದಕ್ಕಾಗಿ ಓಡಾಡಿದ ಎಂಜಿನಿಯರ್ ಡಿ ಲಾಟ್‌ಬಿನಿಯರ್ ಕೆನಡಾ ಮೂಲದವರು. ಇದನ್ನು ಓದಿದ ಮೇಲೆ ಎರಡೂ ಜಲಪಾತಗಳು ನನಗೆ ದೂರದ ನೆಂಟರ ಹಾಗೇ ಕಾಣುತ್ತವೆ.

ಆದರೆ ಕಾವೇರಿಯ ಹಿಂದೆ ಅಂಥ ಸರೋವರಗಳಿಲ್ಲ. ಕೊಡಗಿನಲ್ಲಿ ಮಳೆ ಹಿಡಿಯಬೇಕು, ಕೆಆರ್‌ಎಸ್ 124.80 ಅಡಿ ಮುಟ್ಟಬೇಕು. ವಯನಾಡಿನ ಮಳೆಗೆ ಕಬಿನಿ ತುಂಬಿ, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಬೇಕು. ಇದೆಲ್ಲ ಕೂಡಿ ಬಂದ ವರ್ಷ ಶಿವನಸಮುದ್ರಕ್ಕೆ ಬರುವ ನೀರು ಹಸಿರಲ್ಲ, ಕೆಂಪು. ಹೊಲದ ಮಣ್ಣು ಕರಗಿಸಿಕೊಂಡೇ ಬರುತ್ತದೆ. ನದಿ ದ್ವೀಪವನ್ನು ಬಳಸಿ ಎರಡಾಗುತ್ತದೆ. ಒಂದು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಗಗನಚುಕ್ಕಿಯ ನೀರು ಒಂದೇ ಸಲಕ್ಕೆ ಬೀಳುವುದಿಲ್ಲ. ಒಂದು ಬಂಡೆಗೆ ಬಡಿದು ಮೇಲೆದ್ದು, ಇನ್ನೊಂದಕ್ಕೆ ಬಡಿದು, ಕವಲೊಡೆದು, ಮತ್ತೆ ಕೂಡಿ ಇಳಿಯುತ್ತದೆ. ಕಣ್ಣು ಒಂದು ಕವಲಿನ ಹಿಂದೆ ಹೋದರೆ ಇನ್ನೊಂದು ತಪ್ಪಿಹೋಗುತ್ತದೆ. ಎದುರಿನ ಗುಡ್ಡದಲ್ಲಿ ನಿಂತವರ ಕನ್ನಡಕದ ಮೇಲೂ ಹನಿ ಕೂರುತ್ತದೆ. ಪಕ್ಕದಲ್ಲಿರುವವರ ಮಾತು ಕೇಳಿಸುವುದಿಲ್ಲ. 2018ರ ಪ್ರವಾಹದಲ್ಲಿ ಇದೇ ನದಿ ಅಲ್ಲಿನ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವನ್ನೇ ಎಳೆದುಕೊಂಡು ಹೋಯಿತು.

ಈ ನೀರು ಇಂಥ ದಿನ ಬರುತ್ತದೆ ಅಂತ ಯಾವ ಒಪ್ಪಂದದಲ್ಲೂ ಬರೆದಿಲ್ಲ. ಕಾದು ನೋಡಬೇಕು. ಜಲಪಾತ ತುಂಬಿದೆ ಅಂದರೆ ಮಳವಳ್ಳಿ ಗದ್ದೆಗೂ ಆ ವರ್ಷ ನೀರಿನ ಆಸೆ ಇದೆ ಅಂತ ಅರ್ಥ. ನನಗೆ ಗಗನಚುಕ್ಕಿ ಜಾಸ್ತಿ ಇಷ್ಟವಾಗುವುದಕ್ಕೆ ಇದೇ ದೊಡ್ಡ ಕಾರಣ. ನಯಾಗರದಲ್ಲಿ ನಾನು ಬರೀ ಪ್ರವಾಸಿ. ಇಲ್ಲಿ ನೀರು ನೋಡಿದರೆ ದೊಡ್ಡಪ್ಪನ ಗದ್ದೆ ನೆನಪಾಗುತ್ತದೆ, ಮನಸ್ಸು ಹಗುರಾಗುತ್ತದೆ.

ಹೋಗುವವರು ರಜೆ ನೋಡಿ ಹೊರಡಬೇಡಿ, ಪೇಪರಿನಲ್ಲಿ ಕೆಆರ್‌ಎಸ್, ಕಬಿನಿ ಹೊರಹರಿವು ನೋಡಿ ಹೊರಡಿ. ಹೊರಹರಿವು ಹತ್ತಾರು ಸಾವಿರ ಕ್ಯೂಸೆಕ್ ಅಂತ ಕಂಡ ವಾರವೇ ಸರಿಯಾದ ವಾರ. ಶನಿವಾರ, ಭಾನುವಾರ ಬಿಟ್ಟು ಬೆಳಿಗ್ಗೆ ಬೇಗ ಮೈಸೂರು ಬಿಡಿ, ಎರಡು ಗಂಟೆ ದಾರಿ. ಭರಚುಕ್ಕಿಯಲ್ಲಿ ಮೆಟ್ಟಿಲಿದೆ ಅಂತ ನೀರಿನ ಹತ್ತಿರ ಇಳಿಯುವ ಆಸೆ ಮಾತ್ರ ಬೇಡ. ಆ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಮೇಲಿಂದ ನೀರು ಯಾವಾಗ ಏರುತ್ತದೋ ಗೊತ್ತಾಗುವುದಿಲ್ಲ. ಮೇಲೆ ನಿಂತೇ ನೋಡಿ, ಅಲ್ಲಿಂದಲೇ ಪೂರ್ತಿ ಕಾಣುತ್ತದೆ.