ಎಥೀರಿಯಮ್‌ನ ಎರಡನೆಯ ಪದರ ಮತ್ತು ಏಳು ದಿನಗಳ ಕಾಯುವಿಕೆ

ಎಥೀರಿಯಮ್ ಎಂಬ ಬ್ಲಾಕ್‌ಚೈನ್ ಜಾಲದ ಮೂಲ ಪದರದಲ್ಲಿ ಪ್ರತಿಯೊಂದು ವಹಿವಾಟನ್ನೂ ಸಾವಿರಾರು ಕಂಪ್ಯೂಟರುಗಳು ತಾವೇ ಮತ್ತೆ ಲೆಕ್ಕಹಾಕಿ ತಾಳೆ ನೋಡುತ್ತವೆ. ಅದರ ಭದ್ರತೆಗೂ ನಿಧಾನಗತಿಗೂ ಇದೇ ಕಾರಣ. ರೋಲಪ್ ಎಂಬ ಎರಡನೆಯ ಪದರವು ಲೆಕ್ಕಾಚಾರವನ್ನು ಹೊರಗೆ ಮುಗಿಸಿ, ಅನೇಕ ವಹಿವಾಟುಗಳ ದತ್ತಾಂಶವನ್ನು ಒಟ್ಟಾಗಿ ಕುಗ್ಗಿಸಿ ಮೂಲ ಪದರಕ್ಕೆ ಒಪ್ಪಿಸುತ್ತದೆ.

ಆರ್ಬಿಟ್ರಮ್‌ನಂತಹ ಆಪ್ಟಿಮಿಸ್ಟಿಕ್ ರೋಲಪ್‌ನಿಂದ, ಅಂದರೆ ಯಾರೂ ಪ್ರಶ್ನಿಸದಿದ್ದರೆ ಸಲ್ಲಿಸಿದ ಲೆಕ್ಕವನ್ನು ಸರಿಯೆಂದೇ ಸ್ವೀಕರಿಸುವ ರೋಲಪ್‌ನಿಂದ, ಹಣವನ್ನು ನೇರವಾಗಿ ಮೂಲ ಪದರಕ್ಕೆ ತರಲು ಸುಮಾರು 7 ದಿನ ಕಾಯಬೇಕು. ಇದನ್ನು ದೋಷವೆಂದು ನಾನು ಒಪ್ಪುವುದಿಲ್ಲ. ಸುಳ್ಳು ಲೆಕ್ಕ ಸಲ್ಲಿಕೆಯಾಗಿದ್ದರೆ ಅದನ್ನು ಪುರಾವೆ ಸಮೇತ ಪ್ರಶ್ನಿಸಲು ಇರುವ ಕಾಲಾವಕಾಶವೇ ಅದು.

2024ರ ಮಾರ್ಚ್‌ನ ಡೆಂಕನ್ ಪರಿಷ್ಕರಣೆಯು ರೋಲಪ್ ದತ್ತಾಂಶಕ್ಕೆ ಬ್ಲಾಬ್ ಎಂಬ ಪ್ರತ್ಯೇಕ ಜಾಗವನ್ನು ಕೊಟ್ಟಿತು. ಸುಮಾರು 18 ದಿನಗಳ ನಂತರ ಜಾಲದ ಕಂಪ್ಯೂಟರುಗಳು ಆ ದತ್ತಾಂಶವನ್ನು ಉಳಿಸಿಕೊಳ್ಳಬೇಕಿಲ್ಲವಾದ್ದರಿಂದ ಶುಲ್ಕ ಬಹಳ ಇಳಿಯಿತು. ಆದರೆ ವಹಿವಾಟುಗಳ ಸರದಿಯನ್ನು ನಿರ್ಧರಿಸುವ ಸೀಕ್ವೆನ್ಸರ್ ಹೆಚ್ಚಿನ ರೋಲಪ್‌ಗಳಲ್ಲಿ ಒಂದೇ ಸಂಸ್ಥೆಯ ಕೈಯಲ್ಲಿರುವುದು ನನಗೆ ನಿಜವಾದ ಆತಂಕವನ್ನುಂಟುಮಾಡುತ್ತದೆ.