ಬಣ್ಣದ ತರಗತಿಯ ಬೆನ್ನಿಗೆ ನಿಂತವರು

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದಾಗ ಸರ್ಕಾರಿ ಶಾಲೆಗಳ ಆದಾಯ ಕುಸಿಯಿತು. ಕತ್ತರಿ ಬಿದ್ದದ್ದು ಚಿತ್ರಕಲೆ, ಸಂಗೀತದಂಥ ವಿಷಯಗಳ ಮೇಲೆ. ಬಹಳ ವರ್ಷಗಳ ನಂತರ, 2022ರ ನವೆಂಬರಿನಲ್ಲಿ, ಮತದಾರರೇ 28ನೇ ಪ್ರಸ್ತಾವವನ್ನು ಗೆಲ್ಲಿಸಿ ಶಾಲೆಗಳ ಕಲಾಶಿಕ್ಷಣಕ್ಕೆ ವರ್ಷಕ್ಕೆ ಸುಮಾರು ನೂರು ಕೋಟಿ ಡಾಲರ್ ಮೀಸಲಿಟ್ಟರು. 500 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲಾ ಜಿಲ್ಲೆಗಳು, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು, ಇದರಲ್ಲಿ ಕನಿಷ್ಠ ಶೇ 80ರಷ್ಟನ್ನು ಶಿಕ್ಷಕರು, ಸಿಬ್ಬಂದಿಯ ನೇಮಕಕ್ಕೇ ಬಳಸಬೇಕು. ಹಳೆಯ ಖರ್ಚನ್ನು ಇದರಿಂದ ತುಂಬಿಸಿಕೊಳ್ಳುವಂತಿಲ್ಲ.

ಕಾನೂನು ಬಂದರೆ ಸಾಲದು, ಕಣ್ಣಿಟ್ಟು ನೋಡುವವರೂ ಬೇಕು. ಹಣ ಹೇಗೆ ಖರ್ಚಾಯಿತು, ಎಷ್ಟು ಶಿಕ್ಷಕರು ಸೇರಿದರು, ಎಷ್ಟು ಮಕ್ಕಳಿಗೆ ಪಾಠ ಸಿಕ್ಕಿತು ಎಂಬ ವರದಿಯನ್ನು ಪ್ರತಿವರ್ಷ ಪ್ರಕಟಿಸಲೇಬೇಕು. ನಮ್ಮ ಪೋಷಕರ ಗುಂಪು ಅದನ್ನು ಸಾಲು ಸಾಲಾಗಿ ಓದುತ್ತದೆ.

ಆದರೆ ಪೋಷಕರನ್ನು ಆ ಗುಂಪಿಗೆ ಕರೆತರುವುದೇ ಕಷ್ಟ. ನಮ್ಮವರಲ್ಲಂತೂ ‘ಚಿತ್ರ ಬಿಡಿಸುತ್ತಾ ಕೂತರೆ ಗಣಿತದ ಗತಿಯೇನು’ ಎಂಬ ಆತಂಕ ಗಟ್ಟಿಯಾಗಿಯೇ ಇದೆ. ಅದನ್ನು ಕರಗಿಸಿದ್ದು ಭಾಷಣವಲ್ಲ, ಒಂದು ಸಂಜೆಯ ಪ್ರದರ್ಶನ. ಶಿಕ್ಷಕಿ ಚೆನ್ನಾದ ಚಿತ್ರಗಳನ್ನಷ್ಟೇ ಆರಿಸಲಿಲ್ಲ. ಎಲ್ಲ ಮಕ್ಕಳ ಚಿತ್ರಗಳನ್ನೂ ತೂಗುಹಾಕಿ, ಪಕ್ಕದಲ್ಲೇ ಅವರ ಕರಡುಗಳನ್ನೂ ಅಂಟಿಸಿದ್ದರು. ಒಬ್ಬ ಹುಡುಗಿ ತನ್ನ ಎಡಗೈ ಬಿಡಿಸಿದ್ದಳು. ಮೊದಲ ಕರಡುಗಳಲ್ಲಿ ಹೆಬ್ಬೆರಳು ಅಂಗೈಗೆ ಅಂಟಿಸಿದಂತಿತ್ತು, ಕೊನೆಯದರಲ್ಲಿ ಸರಿಯಾಗಿ ಕೂತಿತ್ತು. ಹೇಗೆ ಸಾಧ್ಯವಾಯಿತು ಎಂದು ಅಪ್ಪ ಕೇಳಿದರು. “ಬೆರಳು ಬಿಡಿಸುವುದನ್ನು ಬಿಟ್ಟು, ಬೆರಳುಗಳ ನಡುವಿನ ಖಾಲಿ ಜಾಗ ಬಿಡಿಸಿದೆ” ಎಂದಳು. ಎಂಜಿನಿಯರ್ ಆದ ಆ ಅಪ್ಪ ತಮ್ಮ ಕೈಯನ್ನು ದೀಪಕ್ಕೆ ಹಿಡಿದು, ಬೆರಳ ಸಂದುಗಳನ್ನು ಬಹಳ ಹೊತ್ತು ನೋಡಿದರು.

ಮುಂದಿನ ಶಾಲಾ ಮಂಡಳಿ ಸಭೆಗೆ ಅವರೂ ಬಂದರು. ಈ ಸಭೆಗಳಲ್ಲಿ ಸಾರ್ವಜನಿಕರು ಮಾತನಾಡುವುದಕ್ಕೆ ಕಾನೂನಿನ ರಕ್ಷಣೆಯಿದೆ. ವೀಸಾದ ಮೇಲಿರುವ ನಮಗೆ ಮತದಾನದ ಹಕ್ಕಿಲ್ಲ, ಮಾತಿಗೆ ಮಾತ್ರ ಅಡ್ಡಿಯಿಲ್ಲ. ಇದು ನಮ್ಮವರಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಸಿಕ್ಕ ಎರಡು ನಿಮಿಷಗಳಲ್ಲಿ ಅವರು ಕಲೆಯ ಹಿರಿಮೆಯನ್ನು ಹೊಗಳದೆ ಆ ಹೆಬ್ಬೆರಳಿನ ಕಥೆಯನ್ನಷ್ಟೇ ಹೇಳಿದರು. ಕಾಗದ ನೋಡುತ್ತಿದ್ದ ಸದಸ್ಯರು ತಲೆಯೆತ್ತಿದರು.

ಶಾಲೆಯಲ್ಲಿ ಮಕ್ಕಳಿಲ್ಲದವರನ್ನೂ ಸೇರಿಸಿಕೊಳ್ಳಬೇಕು. ನಿವೃತ್ತ ಬಡಗಿಯೊಬ್ಬರು ಚೌಕಟ್ಟು ಮಾಡಿಕೊಟ್ಟರು, ಗ್ರಂಥಾಲಯ ಗೋಡೆ ಬಿಟ್ಟುಕೊಟ್ಟಿತು. ಇಂಥವರು ನಂತರ ಬಜೆಟ್ ಸಭೆಗೂ ಬರುತ್ತಾರೆ.

ದೇಣಿಗೆ ಸಂಗ್ರಹದ ಬಗ್ಗೆ ಮಾತ್ರ ನನಗೆ ತಕರಾರಿದೆ. ಉಳ್ಳವರ ಬಡಾವಣೆಯಲ್ಲಿ ಅದು ಬೇಗ ಕೂಡುತ್ತದೆ, ಪಕ್ಕದ ಬಡ ಶಾಲೆಯ ಮಕ್ಕಳು ಬಣ್ಣವಿಲ್ಲದೆ ಉಳಿಯುತ್ತಾರೆ. ಕುಂಚ, ಕಾಗದಕ್ಕೆ ಚಂದಾ ಎತ್ತೋಣ. ಶಿಕ್ಷಕರ ಸಂಬಳ ಸಾರ್ವಜನಿಕ ಬೊಕ್ಕಸದಿಂದಲೇ ಬರಬೇಕು. ಈಗ ನಮ್ಮ ಶಿಕ್ಷಕಿ ಎರಡು ಶಾಲೆಗಳ ನಡುವೆ ಓಡಾಡುತ್ತಿದ್ದಾರೆ. ಎರಡಕ್ಕೂ ಪೂರ್ಣಾವಧಿ ಶಿಕ್ಷಕರು ಬೇಕೆಂದು ಮುಂದಿನ ಬಜೆಟ್ ಸಭೆಯಲ್ಲಿ ಕೇಳಲಿದ್ದೇವೆ, ಆ ಇನ್ನೊಂದು ಶಾಲೆಯ ಪೋಷಕರನ್ನೂ ಜೊತೆಗೆ ಕರೆದುಕೊಂಡು.